ಆಫ್ ಆಗಲೊಲ್ಲದ ಸರ್ವರ್

ಕಣ್ಣಾಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ಮೊದಲಿನಿಂದ ಹಿರಿಸೊಸೆಯೊಬ್ಬಳೇ ನೋಡಿಕೊಂಡಿದ್ದಳು. ಆಮೇಲೆ ಮೈದುನನ ಹೆಂಡತಿಯೂ ಅದೇ ಕೆಲಸಕ್ಕೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಮನೆಯಲ್ಲಿ ಅತ್ತೆ "ಚಿಕ್ಕವಳ ಕೈಗುಣವೇ ಬೇರೆ" ಎನ್ನುವುದನ್ನು ಹಿರಿಯಳು ಹೇಗೋ ನುಂಗಿಕೊಂಡಿದ್ದಳು. ಆಸ್ಪತ್ರೆಯಲ್ಲೂ ಅದೇ ರಾಗ ಶುರುವಾದಾಗ ಹೊಟ್ಟೆಯೊಳಗೆ ಕೆಂಡ ಬಿದ್ದಂತಾಯಿತು.

ಆ ಕಂಪ್ಯೂಟರುಗಳಿಗೆಲ್ಲ ತಾಯಿಯಂತಿದ್ದ ಸರ್ವರ್ ಹಟ ಹಿಡಿದದ್ದು ಆಗಲೇ. ದಿನವೆಲ್ಲ ಚೆನ್ನಾಗಿ ಓಡುತ್ತಿತ್ತು. ರೀಸ್ಟಾರ್ಟ್ ಮಾಡಹೊರಟರೆ ಮಾತ್ರ, ಇನ್ನೇನು ಆಫ್ ಆಯಿತು ಎನ್ನುವಾಗ ಅದನ್ನು ಒಳಗಿಂದ ನಡೆಸುವ ಮೂಲ ತಂತ್ರಾಂಶ, ಕರ್ನಲ್, ಕುಸಿದು, ಕಪ್ಪು ಪರದೆಯ ತುಂಬ ಬಿಳಿ ಅಕ್ಷರ ಚೆಲ್ಲಿ ಕಲ್ಲಾಗುತ್ತಿತ್ತು. ಸರ್ವರ್ ತಾನೇ ಬರೆದಿಡುವ ದಿನಚರಿ, ಲಾಗ್, ಹುಡುಕಿದರೆ ಏನೂ ಇಲ್ಲ. ಅಷ್ಟರಲ್ಲಿ ಡಿಸ್ಕೇ ಮುಚ್ಚಿರುತ್ತಿತ್ತು, ಬರೆದುಕೊಳ್ಳುವುದೆಲ್ಲಿ?

ಕಿರಿಯಳು ಮೆಮೊರಿ ಬದಲಿಸಿದಳು, ಹಳೇ ಕರ್ನಲ್ ಹಾಕಿ ನೋಡಿದಳು. ಜಪ್ಪಯ್ಯ ಅಂದರೂ ಸರಿಹೋಗಲಿಲ್ಲ. ಹಿರಿಯಳಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ಒಂದು ಮಧ್ಯಾಹ್ನ ಅವಳು ಆ ಪರದೆಯ ಫೋಟೋ ತೆಗೆದು ಹಿಗ್ಗಿಸಿ ನೋಡಿದಳು. ಕಣ್ಣಿನ ಚಿತ್ರ ತೆಗೆಯುವ ಯಂತ್ರವನ್ನು ಸರ್ವರಿನೊಡನೆ ಮಾತಾಡಿಸುವ ತಂತ್ರಾಂಶದ, ಅಂದರೆ ಡ್ರೈವರ್‌ನ, ಹೆಸರು ಅಲ್ಲೇ ಇತ್ತು. ಆ ಯಂತ್ರಕ್ಕೆಂದು ಸರ್ವರಿನೊಳಗೆ ಕೂರಿಸಿದ ಕಾರ್ಡಿಗೆ ಕರೆಂಟ್ ಹೋದಮೇಲೂ ಡ್ರೈವರ್ ಅದನ್ನು ಮಾತಾಡಿಸಲು ಹೋಗಿ ಮುಗ್ಗರಿಸುತ್ತಿತ್ತು. ಆಫ್ ಮಾಡುವ ಮೊದಲೇ ಡ್ರೈವರನ್ನು ನಿಲ್ಲಿಸಿದರೆ ಮುಗಿಯಿತು.

"ಅಕ್ಕಾ, ಏನಾದ್ರೂ ಸಿಕ್ತಾ?" ಕಿರಿಯಳು ಬಂದು ಕೇಳಿದಳು.

"ಎಲ್ಲಿ ಸಿಗುತ್ತಮ್ಮಾ? ಫೋಟೋ ತೆಗ್ದೆ, ತಲೆಬುಡ ತಿಳೀಲಿಲ್ಲ."

"ನಂಗೂ ಕಳಿಸ್ತೀರಾ?"

ಇಲ್ಲವೆನ್ನಲು ನೆಪ ಹೊಳೆಯಲಿಲ್ಲ. ಕಳಿಸಿದಳು. ಹೇಗೂ ನಾಳೆ ದೊಡ್ಡ ಡಾಕ್ಟರ ಕಣ್ಣೆದುರೇ ಸರಿಮಾಡಿ ತೋರಿಸಬೇಕೆಂದಿದ್ದಳು.

ಮರುದಿನ ಅವಳು ಬರುವಷ್ಟರಲ್ಲಿ ಸರ್ವರ್ ತಣ್ಣಗೆ ಆಫ್ ಆಗಿ, ತಾನೇ ಎದ್ದು ಕೂತಿತ್ತು. ದೊಡ್ಡ ಡಾಕ್ಟರು ಕಿರಿಯಳ ಪಕ್ಕ ನಿಂತಿದ್ದರು.

"ಎಲ್ಲಾ ಅಕ್ಕನ ಫೋಟೋದಿಂದ ಸರ್. ಡ್ರೈವರ್ ಹೆಸ್ರು ಅದ್ರಲ್ಲೇ ಇತ್ತು," ಎಂದಳು ಕಿರಿಯಳು, ಮನಸಾರೆ.

ಒಳ್ಳೆಯತನದ ಹೆಸರೂ ಇವಳಿಗೇ ಹೋಯಿತಲ್ಲ ಎಂದು ಹಿರಿಯಳ ಮೈ ಉರಿಯಿತು.

ಡಾಕ್ಟರು ಹಿರಿಯಳತ್ತ ತಿರುಗಿದರು. "ಮತ್ತೆ ನಿನ್ನೇನೇ ಯಾಕಮ್ಮ ಹೇಳ್ಲಿಲ್ಲ?"

"ಅಕ್ಷರ ಮಸುಕಾಗಿ ಕಾಣ್ತು ಸರ್," ಎಂದುಬಿಟ್ಟಳು.

"ಅಯ್ಯೋ, ಕಣ್ಣಾಸ್ಪತ್ರೇಲಿದ್ದು ಹೀಗಂದ್ರೆ ಹೇಗೆ? ಈಗ್ಲೇ ತೋರಿಸ್ಕೊಳ್ಳಿ!"

ತಪ್ಪಿಸಿಕೊಳ್ಳುವಂತಿರಲಿಲ್ಲ. ಕತ್ತಲ ಕೋಣೆಯಲ್ಲಿ ಕೂತು ಸಾಲುಸಾಲು ಅಕ್ಷರ ಓದಿದಳು. ಬೇಕೆಂದೇ ತಪ್ಪು ಓದೋಣವೆಂದರೆ, ಯಂತ್ರ ಅವಳ ಬಾಯನ್ನು ಕೇಳದೆ ನೇರ ಕಣ್ಣನ್ನೇ ಅಳೆಯಿತು. ಹೊರಗೆ ಕಿರಿಯಳು ಅವಳ ಚೀಲ ಹಿಡಿದು, ಗಾಬರಿಯಿಂದ ಕಾಯುತ್ತಿದ್ದಳು.

"ಏನಂದ್ರು ಅಕ್ಕಾ?"

ಹಿಂದೆಯೇ ಬಂದ ನರ್ಸ್ ಉತ್ತರ ಕೊಟ್ಟಳು: "ಇವ್ರ ಕಣ್ಣಿಗೇನ್ರೀ ಧಾಡಿ, ಹದ್ದಿನ ಕಣ್ಣು!"

ಕಿರಿಯಳು ನಗಹೊರಟವಳು, ನಿನ್ನೆಯ 'ತಲೆಬುಡ ತಿಳೀಲಿಲ್ಲ' ನೆನಪಾಗಿ ನಿಂತಳು. ಹಿರಿಯಳ ಮುಖವನ್ನೊಮ್ಮೆ ನೋಡಿ, ಚೀಲವನ್ನು ಅವಳ ಕೈಗಿಟ್ಟಳು. ಸಂಜೆ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ ಕೂತು ಇಬ್ಬರೂ ಮನೆಗೆ ಹೋದರು.