ಪೋಹಾ, ತರ್ರಿ ಮತ್ತು ಒಂದು ಠರಾವು

ಶ್ರೀಕಾಂತರಾವ್ ದೇಸಾಯರು ಬೆಕ್ಕುಗಳ ವಿರೋಧಿಯಲ್ಲ. ಬೆಕ್ಕು ಬೆಕ್ಕಿನಂತೆ ನಡೆದುಕೊಳ್ಳುವುದಕ್ಕೆ ಮಾತ್ರ ಅವರ ವಿರೋಧ.

ಬ್ಯಾಂಕಿನ ವರ್ಗಾವಣೆಯ ಮೇಲೆ ಧಾರವಾಡದಿಂದ ನಾಗಪುರಕ್ಕೆ ಬಂದ ಅವರು, ಇಲ್ಲಿನ ಬಿಸಿಲನ್ನು ಬೈಯುತ್ತ ಬೈಯುತ್ತಲೇ ಪ್ರತಾಪನಗರದ ಒಂದು ಮೂರು ಮಹಡಿಯ ಕಟ್ಟಡದಲ್ಲಿ ಮನೆ ಕೊಂಡರು. ಕೊಂಡ ಮರುವರ್ಷವೇ ಸೊಸೈಟಿಯ ಸೆಕ್ರೆಟರಿಯಾದರು. ಎಲ್ಲರ ಒತ್ತಾಯಕ್ಕೆ ಮಣಿದು ಒಪ್ಪಿಕೊಂಡೆ ಎಂದು ಅವರು ಹೇಳುತ್ತಾರೆ. ಒತ್ತಾಯ ಮಾಡಿದವರು ಯಾರೆಂಬುದು ಕಟ್ಟಡದಲ್ಲಿ ಈವರೆಗೆ ಪತ್ತೆಯಾಗಿಲ್ಲ.

ಅವರ ಆಡಳಿತದ ಹೆಗ್ಗಳಿಕೆಯೆಂದರೆ ಬೆಕ್ಕಿನ ಠರಾವು. ಮೇಲ್ಮನೆಯ ಪ್ರೀತಮ್, ಹಿಂಗಣಾದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ಮನ್ನಿ ಎಂಬ ಬೂದು ಬೆಕ್ಕನ್ನು ಸಾಕಿದ್ದ. ಎರಡು ವರ್ಷದ ಹಿಂದೆ ಅದು ಮೀಟರ್ ರೂಮಿಗೆ ಹೋಗಿ, ಗಣಪತಿ ಉತ್ಸವಕ್ಕೆಂದು ಮಡಚಿಟ್ಟಿದ್ದ ಜಮಖಾನೆಯ ಮೇಲೆ, ಸರಿಯಾಗಿ ಸೆಕ್ರೆಟರಿಯವರು ಕೂರುವ ಮಗ್ಗುಲಿಗೆ, ಮರಿ ಹಾಕಿತು. ಮುಂದಿನ ಭಾನುವಾರವೇ ದೇಸಾಯರು ಸಭೆ ಕರೆದು ಠರಾವು ಪಾಸು ಮಾಡಿಸಿದರು: ಯಾವ ಮನೆಯ ಬೆಕ್ಕು ಮರಿ ಹಾಕುತ್ತದೋ ಆ ಬೆಕ್ಕು ಮರಿಗಳ ಸಮೇತ ಕಟ್ಟಡ ಬಿಡತಕ್ಕದ್ದು.

"ಬೆಕ್ಕು ಸಾಕಿದ ಮ್ಯಾಲೆ ಅದರ ಮ್ಯಾಲೆ ಲಕ್ಷ್ಯ ಇಡಬೇಕು. ಮಂದಿಗೆ ಶಿಸ್ತು ಅನ್ನೋದ ಇಲ್ಲ," ಎಂದು ಅವರು ಮನೆಗೆ ಬಂದು ಹೆಂಡತಿ ವಸುಧಾಗೆ ವರದಿ ಒಪ್ಪಿಸಿದರು. ಪ್ರೀತಮ್ ಮನ್ನಿಯನ್ನೂ ಮರಿಗಳನ್ನೂ ಒಂದು ರಟ್ಟಿನ ಡಬ್ಬಿಯಲ್ಲಿ ಹಾಕಿಕೊಂಡು ಬೈಕಿನಲ್ಲಿ ಹೋಗಿ ಕಾರ್ಖಾನೆಯ ಕ್ಯಾಂಟೀನಿಗೆ ಬಿಟ್ಟುಬಂದ. ಅಂದಿನಿಂದ ಮೆಟ್ಟಿಲ ಮೇಲೆ ಎದುರಾದಾಗಲೆಲ್ಲ ಅವನು ದೇಸಾಯರಿಗೆ ಬಹಳ ವಿನಯದಿಂದ ನಮಸ್ಕಾರ ಮಾಡುತ್ತಿದ್ದ. ಅಷ್ಟು ವಿನಯ ಒಳ್ಳೆಯ ಲಕ್ಷಣವಲ್ಲವೆಂದು ಸೆಕ್ರೆಟರಿಯವರಿಗೆ ಹೊಳೆಯಲಿಲ್ಲ.

ಈ ವರ್ಷ ಜೂನಿನಲ್ಲಿ, ಒಂಬತ್ತನೆಯ ತರಗತಿಗೆ ಕಾಲಿಟ್ಟ ಮಗಳು ಚಾರುಲತಾ ಶಾಲೆಯ ಬಸ್ ನಿಲ್ಲುವ ಶೆಡ್ಡಿನಿಂದ ಎರಡು ಮರಿಗಳನ್ನು ದುಪಟ್ಟಾದಲ್ಲಿ ಸುತ್ತಿ ತಂದಳು. ಒಂದೇ ಬಸಿರಿನವು. ಬಿಳಿಯದು ಹೆಣ್ಣು, ಕೆಂಪಗಿನದು ಗಂಡು. ದೇಸಾಯರು ಮೂರು ದಿನ ಬೇಡವೆಂದರು; ನಾಲ್ಕನೆಯ ದಿನ ಬಿಳಿಯ ಮರಿ ಅವರ ಪೇಪರಿನ ಮೇಲೆ ಮಲಗಿ ನಿದ್ದೆಹೋಯಿತು; ಅಂದು ಅವರು ಪೇಪರ್ ಓದಲಿಲ್ಲ. ಚಾರು ಅವಕ್ಕೆ ಪೋಹಾ, ತರ್ರಿ ಎಂದು ಹೆಸರಿಟ್ಟಳು. ಬಿಳಿ ಅವಲಕ್ಕಿಯ ಮೇಲೆ ಕೆಂಪು ಖಾರದ ಸಾರು ಸುರಿದು ತಿನ್ನುವ ಊರಿನಲ್ಲಿ ಈ ಎರಡನ್ನು ಬೇರೆ ಬೇರೆಯಾಗಿ ಇಡುವವರು ಯಾರೂ ಇಲ್ಲ ಎಂಬುದನ್ನು ಆಗಲೇ ಯಾರಾದರೂ ಗಮನಿಸಬಹುದಿತ್ತು.

ಆಗಸ್ಟಿನಲ್ಲಿ ಲಸಿಕೆಗೆಂದು ಒಯ್ದಾಗ ಡಾಕ್ಟರ್ ಧನಶ್ರೀ ಎರಡರ ಬಾಯಿಯನ್ನೂ ಬಿಡಿಸಿ ಹಲ್ಲು ನೋಡಿ, ಬಾಲ ಎತ್ತಿ ನೋಡಿ, ಮರಾಠಿಯಲ್ಲಿ ಸೀದಾ ಹೇಳಿಬಿಟ್ಟರು.

"ಕಾಕಾ, ನಾಲ್ಕು ತಿಂಗಳು ತುಂಬಿದೆ. ಇನ್ನು ಯಾವತ್ತಾದರೂ ಇವಳು ಮಾಜಾವರ್ ಬಂದು ಗಂಡು ಹುಡುಕಬಹುದು. ಅವನೂ ಹಿಂದೆಯೇ ತಯಾರಾಗ್ತಾನೆ. ಇಬ್ಬರದೂ ಆಪರೇಷನ್ ಮಾಡಿಸಿಬಿಡಿ. ಅಲ್ಲೀತನಕ ಬೇರೆ ಬೇರೆ ಕೋಣೆಯಲ್ಲಿಡಿ."

ದೇಸಾಯರು ಗೋಡೆಯ ಮೇಲಿದ್ದ ನಾಯಿಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಪಕ್ಕದಲ್ಲಿ ಮಗಳು ನಿಂತಿದ್ದಳು. ಹಿಂದಿನ ವರ್ಷ ಮಗಳು ಮೈನೆರೆದ ಸುದ್ದಿಯನ್ನು ವಸುಧಾ ಹೇಳಿದಾಗ ಅವರು ಪೇಟೆಗೆ ಹೋಗಿ ಒಂದು ಡಬ್ಬಿ ಸಂತ್ರಾ ಬರ್ಫಿ ತಂದು, ಯಾರಿಗೂ ಕೊಡದೆ ಫ್ರಿಜ್ಜಿನಲ್ಲಿಟ್ಟು, ಮುಂದಿನ ಹದಿನೈದು ದಿನ ಮಗಳೊಂದಿಗೆ ಶೇಕಡಾವಾರು ಅಂಕಗಳ ಬಗ್ಗೆ ಮಾತ್ರ ಮಾತಾಡಿದ್ದರು.

"ಮೇಡಂ, ಇವು ಇನ್ನೂ ಕೂಸು," ಎಂದರು ನಾಯಿಯ ಚಿತ್ರಕ್ಕೆ.

"ಬೆಕ್ಕಿನಲ್ಲಿ ಕೂಸಿಗೆ ಕೂಸು ಹುಟ್ಟೋದು ಮಾಮೂಲು, ಕಾಕಾ."

"ಅದೂ ಅಲ್ಲದ, ಇವು ಅಣ್ಣ-ತಂಗಿ."

"ಅದು ನಿಮಗೆ ಗೊತ್ತು. ಅವಕ್ಕೆ ಯಾರು ಹೇಳ್ತಾರೆ?"

ಆಟೋದಲ್ಲಿ ಚಾರು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು, "ಅಪ್ಪಾ, ಡಾಕ್ಟರ್ ಬರೋಬರ್ ಹೇಳ್ಯಾರ. ಪೋಹಾ ಮರಿ ಹಾಕಿದಳಂದ್ರ ಆಕಿನ್ನ ಹೊರಗ ಹಾಕಬೇಕಾಗ್ತದ. ನಿಮ್ದ ಠರಾವು. ಆಪರೇಷನ್ ಮಾಡಸೋಣಲ್ಲಾ?"

"ಆ ಡಾಕ್ಟರಬಾಯಿಗೆ ಬ್ರೇಕ ಇಲ್ಲ. ಸಣ್ಣ ಹುಡುಗಿ ಎದುರಿಗೆ ಏನ ಮಾತಾಡಬೇಕು, ಏನ ಮಾತಾಡಬಾರದು..."

"ನಾ ಈಗ ಒಂಬತ್ತನೇ ಇಯತ್ತಾ, ಅಪ್ಪಾ."

"ಅದಕ್ಕ ಹೇಳೋದು, ಗಣಿತ ಓದು."

ಚಾರು ಅಮ್ಮನನ್ನು ಕೇಳಿದಳು. ವಸುಧಾ ಹತ್ತನೆಯ ತರಗತಿಗೆ ಜೀವಶಾಸ್ತ್ರ ಕಲಿಸುವವಳು. ಸಂತಾನೋತ್ಪತ್ತಿಯ ಪಾಠ ಬಂದಾಗ "ಇದನ್ನ ಮನೆಯಲ್ಲೇ ಓದಿಕೊಳ್ಳಿ" ಎಂದು ಮುಂದಿನ ಪಾಠಕ್ಕೆ ಹಾರುವ ಕ್ರಮ ಅವಳದು. ಮನೆಯಲ್ಲಿ ಯಾರಾದರೂ ಕೇಳಿದರೆ "ಅದೆಲ್ಲಾ ಸಾಲ್ಯಾಗ ಹೇಳ್ತಾರ" ಎನ್ನುವುದು. "ನಿಮ್ಮ ಅಪ್ಪನ್ನ ಕೇಳು," ಎಂದಳು.

ಹಾಗೆ ನೋಡಿದರೆ ಈ ನಾಚಿಕೆ ದೇಸಾಯರಿಗೆ ವಂಶಪಾರಂಪರ್ಯವಾಗಿ ಬಂದದ್ದಲ್ಲ. ಅವರ ಅಜ್ಜ ಹಿತ್ತಲಿನ ಆಕಳು ಬೆದೆಗೆ ಬಂದರೆ ಓಣಿಗೆಲ್ಲ ಕೇಳುವ ಹಾಗೆ ಕೂಗಿ ಹೇಳುತ್ತಿದ್ದ; ಊಟಕ್ಕೆ ಕೂತವರು ಹೋರಿ ಯಾರದು ಎಂದು ವಿಚಾರಿಸಿ ಇನ್ನೊಂದು ಸೌಟು ಸಾರು ಹಾಕಿಸಿಕೊಳ್ಳುತ್ತಿದ್ದರು. ನೆಲಕ್ಕೆ ಟೈಲ್ಸ್ ಬಂದ ಮೇಲೆ ಆ ಶಬ್ದ ಮನೆಯಿಂದ ಹೊರಟುಹೋಗಿತ್ತು.

ಆದರೆ 'ಅವಕ್ಕೆ ಯಾರು ಹೇಳ್ತಾರೆ' ಎಂಬ ಮಾತನ್ನು ದೇಸಾಯರು ಸವಾಲೆಂದೇ ತೆಗೆದುಕೊಂಡರು. ಸೀತಾಬರ್ಡಿ ಪೇಟೆಗೆ ಹೋಗಿ ಎರಡು ರಾಖಿ ತಂದರು. ಒಂದು ತಮ್ಮ ಅಣ್ಣನ ಮಗನಿಗೆ ಚಾರು ಅಂಚೆಯಲ್ಲಿ ಕಳಿಸಲು. ಇನ್ನೊಂದು, ಸಣ್ಣದು, ಜರಿಯದು. ಹುಣ್ಣಿಮೆಯ ಬೆಳಿಗ್ಗೆ ಪೋಹಾಳ ಮುಂಗಾಲನ್ನು ತಾವೇ ಹಿಡಿದು, ಅದು ತಾಗುವಂತೆ ಮಾಡಿ, ತರ್ರಿಯ ಕೊರಳಿಗೆ ರಾಖಿ ಕಟ್ಟಿಸಿದರು. ಇಬ್ಬರಿಗೂ ಪೇಢೆಯ ಚೂರು ತಿನ್ನಿಸಿದರು. ಫೋಟೋ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಹೋಯಿತು: "ಪ್ರಾಣಿಗಳಲ್ಲೂ ಸಂಸ್ಕಾರ." ಇಪ್ಪತ್ತು ಜನ ಕೈಮುಗಿದರು. ಪ್ರೀತಮ್ ಒಂದು ಹೂವು ಕಳಿಸಿದ.

ಗಣೇಶ ಚೌತಿಗೆ ಮುಂಚೆ ಉತ್ಸವದ ಸಭೆ ದೇಸಾಯರ ಮನೆಯಲ್ಲೇ ಸೇರಿತ್ತು. ಚಾರು ಟ್ಯೂಷನ್‌ಗೆ ಹೋಗಿದ್ದಳು. ಚಹಾ ಬರುವ ಹೊತ್ತಿಗೆ ಪೋಹಾ ನಡುಮನೆಗೆ ಬಂದಳು. ನೆಲದ ಮೇಲೆ ಹೊರಳಾಡಿದಳು. ಎದೆಯನ್ನು ನೆಲಕ್ಕಂಟಿಸಿ, ಹಿಂಬದಿಯನ್ನು ಮೇಲೆತ್ತಿ, ಬಾಲ ಓರೆ ಮಾಡಿ, ಯಾರೋ ಸತ್ತ ಮನೆಯಲ್ಲಿ ಅಳುವಂಥ ದನಿ ತೆಗೆದಳು. ಸಭೆ ಚಹಾದ ಕಪ್ಪುಗಳೊಳಗೆ ನೋಡಿತು.

"ಹೊಟ್ಟೆನೋವು," ಎಂದರು ದೇಸಾಯರು. ಇಂಗು ತೇಯಿಸಿ ತರಿಸಿ ಪೋಹಾಳ ಹೊಟ್ಟೆಗೆ ಹಚ್ಚಿದರು. ಪೋಹಾ ಇಂಗಿನ ವಾಸನೆ ಹೊತ್ತುಕೊಂಡೇ ತರ್ರಿಯ ಎದುರು ಹೋಗಿ ಮತ್ತೆ ಅದೇ ಭಂಗಿಯಲ್ಲಿ ನಿಂತಳು.

"ಸಾಹೇಬ," ಎಂದ ಪ್ರೀತಮ್ ಹಿಂದಿಯಲ್ಲಿ, ಬಿಸ್ಕೀಟು ಅದ್ದುತ್ತ, "ನಮ್ಮ ಮನ್ನಿಗೂ ಹಿಂಗೇ ಹೊಟ್ಟೆನೋವು ಬರ್ತಿತ್ತು."

"ನಿಮ್ಮ ಬೆಕ್ಕಿನ ವಿಷಯ ಬೇರೆ. ಮನೆಯ ವಾತಾವರಣ ಅಂತ ಒಂದಿರ್ತದೆ," ಎಂದು ದೇಸಾಯರು ಎದ್ದರು. ಸಭೆಗೆ ತೊಂದರೆಯಾಗಬಾರದಲ್ಲ. ಎರಡನ್ನೂ ಎತ್ತಿ ಹಿಂದಿನ ಕೋಣೆಯೊಳಗೆ ಬಿಟ್ಟು ಬಾಗಿಲು ಹಾಕಿ, ಮೇಲೆ ಚಿಲಕವನ್ನೂ ಹಾಕಿದರು. "ಅಣ್ಣ ಜೊತೆಗಿದ್ದರೆ ಸಮಾಧಾನ ಆಗ್ತದೆ."

ಸಭೆ ಮಂಟಪದ ಬಣ್ಣದ ಬಗ್ಗೆ ಜಗಳಾಡಿತು. ಒಳಗಿನಿಂದ ಒಮ್ಮೆ ಒಂದು ಚೀತ್ಕಾರ ಕೇಳಿತು. ಆಮೇಲೆ ಪೂರ್ಣ ಶಾಂತಿ.

"ನೋಡಿದಿರಾ?" ಎಂದರು ದೇಸಾಯರು ಹೆಮ್ಮೆಯಿಂದ. "ಅಣ್ಣ ಅಂದರೆ ಅಣ್ಣ."

ಪ್ರೀತಮ್ ಇನ್ನೊಂದು ಬಿಸ್ಕೀಟು ತೆಗೆದುಕೊಂಡ.

ಸಂಜೆ ಮನೆಗೆ ಬಂದ ಚಾರು ಚಿಲಕ ತೆಗೆದು ನೋಡಿದಳು. "ಇಬ್ಬರನ್ನೂ ಕೂಡಿ ಹಾಕಿದ್ರಾ? ಅಪ್ಪಾ!"

"ಇಂಗು ಚಲೋ ಕೆಲಸ ಮಾಡಿತು," ಎಂದರು ದೇಸಾಯರು.

ನವರಾತ್ರಿಯ ಹೊತ್ತಿಗೆ ಪೋಹಾ ದಪ್ಪಗಾದಳು. ಇನ್ನೂ ತನ್ನ ಬಾಲವನ್ನೇ ಹಿಡಿಯಲು ಹೋಗುವ ವಯಸ್ಸು. ಜಿಗಿಯಲು ಹೋಗಿ, ಹೊಟ್ಟೆ ಭಾರವೆನಿಸಿ, ತಾನೇ ಆಶ್ಚರ್ಯಪಟ್ಟು ಕೂತುಬಿಡುತ್ತಿದ್ದಳು. ದೇಸಾಯರು ಅವಳ ಹಾಲು ಕಡಿಮೆ ಮಾಡಿಸಿದರು. ಚಾರು ತನ್ನ ಪಾಲಿನದನ್ನು ಕದ್ದು ಹಾಕಿದಳು. ಅಪ್ಪನೊಂದಿಗೆ ಅವಳು ಮಾತು ನಿಲ್ಲಿಸಿದ್ದಳು. ಗಣಿತ ಓದುತ್ತಿರಬೇಕೆಂದು ಅವರು ತಿಳಿದರು.

ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆನೀರು ಹಾಕಿಕೊಂಡು, ಒದ್ದೆ ಟವೆಲಿನಲ್ಲಿ ಬಂದು, ಪೂಜೆಗೆ ಉಡುವ ರೇಷ್ಮೆ ಮಗುಟ ತೆಗೆಯಲೆಂದು ದೇಸಾಯರು ಕಪಾಟು ತೆರೆದರು. ಮಗುಟದ ಮೇಲೆ ಪೋಹಾ ಮಲಗಿದ್ದಳು. ಅವಳ ಹೊಟ್ಟೆಗಂಟಿಕೊಂಡು ಮೂರು ಮರಿ. ಎರಡು ಅಚ್ಚ ಕೆಂಪು; ಒಂದು ಬಿಳಿ, ಬಾಲ ಮಾತ್ರ ಕೆಂಪು.

"ವಸುಧಾ!" ಎಂದರು. ನಂತರ, ಸ್ವಲ್ಪ ಯೋಚಿಸಿ, "ಯಾವುದೋ ಹೊರಗಿನ ಗಂಡುಬೆಕ್ಕು. ಆ ಪಕ್ಕದ ಕಂಪೌಂಡಿಂದು."

"ಹೊರಗಿನಾಂವ ಎಲ್ಲಿಂದ ಬಂದಾ?" ಎಂದಳು ವಸುಧಾ. "ಕಿಡಕಿಗೆಲ್ಲಾ ಜಾಳಗಿ. ಚಿಲಕಾ ಹಾಕಿದವರು ನೀವ."

ತರ್ರಿ ಕಪಾಟಿನ ಕೆಳಗೆ ಕೂತು ಮೈ ನೆಕ್ಕಿಕೊಳ್ಳುತ್ತಿದ್ದ. ಕೊರಳಲ್ಲಿ ಬಣ್ಣ ಬಿಟ್ಟ ಜರಿಯ ರಾಖಿ ಇನ್ನೂ ಇತ್ತು.

ಅಂದು ಚಾರು ತಾನೇ ಬಂದು ಮಾತಾಡಿದಳು. ಬಹಳ ದಿನದ ಮೇಲೆ. "ಪೋಹಾನ್ನ ಎಲ್ಲಿ ಬಿಡ್ತೀರಿ, ಅಪ್ಪಾ? ಹೇಳ್ರಿ, ನಾನೂ ಬರ್ತೀನಿ. ಜಾಗಾ ನೋಡಬೇಕು." ಅಳುತ್ತಿರಲಿಲ್ಲ. ಒಂದು ರಟ್ಟಿನ ಡಬ್ಬಿಗೆ ಆಗಲೇ ತೂತು ಕೊರೆದಿದ್ದಳು. ಆ ಡಬ್ಬಿಯನ್ನು ನೋಡಿ ದೇಸಾಯರು ತಟ್ಟೆಯ ಹೋಳಿಗೆಯನ್ನು ಪಕ್ಕಕ್ಕೆ ಸರಿಸಿದರು.

ದೀಪಾವಳಿ ಮುಗಿದ ಭಾನುವಾರ ಸಭೆ ಸೇರಿತು. ಮರಿಗಳ ಕೂಗು ಮೇಲ್ಮನೆಗೆ ಕೇಳದಿರುವಷ್ಟು ಗೋಡೆಗಳು ದಪ್ಪವಿರಲಿಲ್ಲ. ದೇಸಾಯರು ಅದೇ ಜಮಖಾನೆಯ ಮೇಲೆ ನಿಂತು ಮರಾಠಿಯಲ್ಲಿ ಶುರುಮಾಡಿದರು. "ಸದಸ್ಯರೇ, ನಮ್ಮ ಮನೆಯಲ್ಲಿ, ನಮ್ಮ ಗಮನಕ್ಕೆ ಬಾರದೆ, ಒಂದು... ನೈಸರ್ಗಿಕ... ಪರಿಸ್ಥಿತಿ ಉಂಟಾಗಿದೆ."

"ಏನಾಯ್ತು?" ಎಂದಳು ಕೆಳಮನೆಯ ಕಾಶಿಬಾಯಿ. ಎಂಬತ್ತು ದಾಟಿದ ಆಕೆಗೆ ಕಿವಿ ಮಂದ.

"ಪರಿಸ್ಥಿತಿ, ಆಜಿ," ಎಂದ ಪ್ರೀತಮ್ ಜೋರಾಗಿ. "ನೀರಿನ ಟ್ಯಾಂಕಿನದಾ ಸಾಹೇಬ, ಲಿಫ್ಟಿನದಾ?"

"ಅಂದರೆ, ಸಮಯಕ್ಕೆ ಮೊದಲೇ, ಆ ಬೆಕ್ಕಿಗೆ, ಒಂದು ಅವಸ್ಥೆ..."

"ಏನಾಯ್ತು?" ಎಂದಳು ಕಾಶಿಬಾಯಿ ಮತ್ತೆ.

ಹಿಂದೆ ಗೋಡೆಗೊರಗಿ ನಿಂತಿದ್ದ ಚಾರು ಮುಂದೆ ಬಂದಳು. "ನಾ ಹೇಳ್ತೀನಿ. ಡಾಕ್ಟರ್ ಆಗಸ್ಟದಾಗ ಹೇಳಿದ್ರು..."

"ನೀ ಕೂಡು," ಎಂದರು ದೇಸಾಯರು ಗಾಬರಿಯಿಂದ. ಮಗಳ ಬಾಯಲ್ಲಿ ಆ ಮಾತು ಬರುವುದಕ್ಕಿಂತ ತಮ್ಮ ಬಾಯಲ್ಲೇ ಬರಲಿ ಎಂದು ಅವರು ಉಸಿರು ಎಳೆದುಕೊಂಡರು. ಹೊರಬಂದದ್ದು ಅಜ್ಜನ ದನಿ, ಅಜ್ಜನ ಶಬ್ದ, ಓಣಿಗೆಲ್ಲ ಕೇಳುವಂತೆ: "ಬೆಕ್ಕು ಬೆದೆಗೆ ಬಂದಿತ್ರೀ!"

ವಸುಧಾ ಒಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಿಕ್ಕ ಸದಸ್ಯರಿಗೆ ಕನ್ನಡ ಬರುತ್ತಿರಲಿಲ್ಲ. ಹೀಗಾಗಿ ಸೆಕ್ರೆಟರಿಯವರು ಎಲ್ಲವನ್ನೂ ಇನ್ನೊಮ್ಮೆ ಹೇಳಬೇಕಾಯಿತು. "ಮಾಜಾವರ್! ಮಾಜಾವರ್ ಬಂದಿತ್ತು! ಡಾಕ್ಟರ್ ಹೇಳಿದ್ದರು, ನಾನು ಕೇಳಲಿಲ್ಲ. ಅಣ್ಣನ ಜೊತೆ ನಾನೇ ಕೂಡಿ ಹಾಕಿದೆ!"

"ಇಷ್ಟೇನಾ?" ಎಂದಳು ಕಾಶಿಬಾಯಿ ನಿರಾಶೆಯಿಂದ. "ನಾನು ನೀರು ನಿಂತಿತೇನೋ ಅಂದುಕೊಂಡೆ."

ನಗು ತಣಿಯುವವರೆಗೆ ಪ್ರೀತಮ್ ಕಾದ. "ಸರಿ. ಠರಾವು ಏನಾಯ್ತು, ಸಾಹೇಬ? ಬೆಕ್ಕಿನ ಮೇಲೆ ಲಕ್ಷ್ಯ ಇಡದೇ ಇದ್ದವರು ನೀವು. ಹಾಗಿದ್ರೆ ಕಟ್ಟಡ ಬಿಡಬೇಕಾದವರು ಯಾರು, ಪೋಹಾನೋ, ನೀವೋ?"

ದೇಸಾಯರು ಮಗಳ ಕಡೆ ನೋಡಿದರು. "ಠರಾವು ತಪ್ಪು," ಎಂದರು. "ನಿಮ್ಮ ಬೆಕ್ಕಿನ ಸಲುವಾಗಿ ಮಾಡಿದಾಗಲೂ ತಪ್ಪೇ ಇತ್ತು. ಮನ್ನಿಯನ್ನ ವಾಪಸ್ ತನ್ನಿ."

ಪ್ರೀತಮ್ ಇದನ್ನು ಎದುರುನೋಡಿರಲಿಲ್ಲ. ಬಾಯಿಗೆ ಬಂದಿದ್ದ ಇನ್ನೊಂದು ಕೊಂಕನ್ನು ನುಂಗಿಕೊಂಡ. ಆದರೆ ಎರಡು ವರ್ಷ ನಮಸ್ಕಾರ ಮಾಡಿದವನು, ಪೂರ್ತಿ ಬಿಡಲಿಲ್ಲ. ಅವನು ಮಂಡಿಸಿದ ಹೊಸ ಠರಾವು ಸರ್ವಾನುಮತದಿಂದ ಪಾಸಾಯಿತು: ಕಟ್ಟಡದ ಯಾವುದೇ ಬೆಕ್ಕಿಗೆ ನಾಲ್ಕು ತಿಂಗಳು ತುಂಬಿದೊಡನೆ ಸೆಕ್ರೆಟರಿಯವರು ಖುದ್ದಾಗಿ ಅದನ್ನು ಡಾಕ್ಟರಲ್ಲಿಗೆ ಒಯ್ಯತಕ್ಕದ್ದು. ತರ್ರಿ ಅಂದೇ ಮೇಲ್ಮನೆಗೆ ಅತಿಥಿಯಾಗಿ ಹೋದ. ಹಾಲೂಡಿಸುತ್ತಿರುವಾಗಲೂ ಪೋಹಾ ಮತ್ತೆ ಬಸಿರಾಗಬಲ್ಲಳೆಂದು ಡಾಕ್ಟರ್ ಫೋನಿನಲ್ಲಿ ಹೇಳಿದ್ದನ್ನು ದೇಸಾಯರು ಈ ಬಾರಿ ಎರಡು ಸಲ ಹೇಳಿಸಿಕೊಂಡಿದ್ದರು.

ಆ ವಾರವೇ ತರ್ರಿಯ ಆಪರೇಷನ್ ಆಯಿತು; ಮನ್ನಿ ಕ್ಯಾಂಟೀನಿನಿಂದ ವಾಪಸ್ ಬಂದದ್ದು ಡಿಸೆಂಬರಿನಲ್ಲಿ. ಜನವರಿಯಲ್ಲಿ ಪೋಹಾ, ಮನ್ನಿ ಇಬ್ಬರನ್ನೂ ಎರಡು ಬುಟ್ಟಿಗಳಲ್ಲಿಟ್ಟುಕೊಂಡು ಅಪ್ಪ-ಮಗಳು ದವಾಖಾನೆಯ ಬೆಂಚಿನ ಮೇಲೆ ಕೂತಿದ್ದರು. ಮನ್ನಿ ಆಗಲೇ ದೇಸಾಯರ ಕೈಗೆ ಉದ್ದಕ್ಕೆ ಪರಚಿತ್ತು. ಎರಡು ವರ್ಷ ಕ್ಯಾಂಟೀನಿನ ಮೀನು ತಿಂದು ಕೊಬ್ಬಿದ್ದು, ಸೆಕ್ರೆಟರಿ ಎಂಬ ಹುದ್ದೆಯ ಪರಿಚಯ ಅದಕ್ಕಿರಲಿಲ್ಲ. ಎದುರಿಗೆ ಒಂದು ಹೊಸ ಜೋಡಿ, ಮಡಿಲಲ್ಲಿ ಒಂದು ಮರಿ. "ಇನ್ನೂ ಮಗು," ಎನ್ನುತ್ತಿದ್ದಳು ಆಕೆ ಗಂಡನಿಗೆ. "ಆಪರೇಷನ್‌ಗೆ ಏನವಸರ?"

ದೇಸಾಯರು ಮುಂದೆ ಬಾಗಿದರು. "ಎಷ್ಟು ತಿಂಗಳು?"

"ಐದು, ಅಂಕಲ್."

"ಐದಾ? ಮಾಜಾವರ್ ಬಂತಾ? ನೆಲಕ್ಕೆ ಎದೆ ಹಚ್ಚಿ ಹಿಂದ ಮ್ಯಾಲೆ ಎತ್ತತದೋ?" ಹಿಂದಿ, ಮರಾಠಿ, ಕನ್ನಡ ಮೂರೂ ಕಲಸಿ ಅವರು ಕೈಯಿಂದಲೇ ಆ ಭಂಗಿಯನ್ನು ತೋರಿಸತೊಡಗಿದರು. "ಅದು ಹೊಟ್ಟೆನೋವಲ್ಲ, ತಿಳೀತಾ? ಇಂಗು ಹಚ್ಚಬ್ಯಾಡ್ರಿ!"

ಇಡೀ ಕೋಣೆ ತಿರುಗಿ ನೋಡಿತು. ಒಂದು ನಾಯಿಯೂ ನೋಡಿತು.

ಚಾರು ಗೋಡೆಯ ಮೇಲಿನ ಚಿತ್ರದತ್ತ ಮುಖ ತಿರುಗಿಸಿಕೊಂಡು, ತುಟಿ ಅಲುಗದಂತೆ ಹೇಳಿದಳು: "ಅಪ್ಪಾ, ಪ್ಲೀಜ್. ಜರಾ ಹಗೂರ ಮಾತಾಡ್ರಿ."