ಭಾವ ಕೂರಿಸಿದ ಕೂಲರ್

ಟಪ್. ಎಲ್ಲರೂ ಮಲಗಿದ ಮೇಲೆ ಕೇಳಿದ್ದು ಅದೊಂದೇ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, ಟಪ್. ಎದ್ದು ಅಡುಗೆಮನೆಯ ನಲ್ಲಿ ನೋಡಿದೆ, ಬಚ್ಚಲಿನ ನಲ್ಲಿ ನೋಡಿದೆ. ಎರಡೂ ಸರಿಯಾಗಿದ್ದವು. ಸದ್ದು ಬರುತ್ತಿದ್ದುದು ಶೆಡ್ಡಿನಿಂದ. ಹಗಲೆಲ್ಲ ಒದ್ದಾಡಿ ಭಾವ ಕೂಲರ್ ಕೂರಿಸಿದ್ದ ನನ್ನ ಗಾಡಿಯ ಕೆಳಗೆ, ಅವರೇ ಹಾಸಿ ಮರೆತಿದ್ದ ರಟ್ಟಿನ ಮೇಲೆ, ಗೇರ್‌ಬಾಕ್ಸಿನ ಕೆಂಪು ಎಣ್ಣೆ ತೊಟ್ಟಿಕ್ಕುತ್ತಿತ್ತು.

ನನ್ನ ಗಾಡಿ ಅಂದೆ. ಕಾಗದಪತ್ರದಲ್ಲಿ ಅದು ಭಾವನದು. ಹೊಸದನ್ನು ಕೊಂಡಾಗ ಹಳೆಯದನ್ನು ತಮ್ಮನ ಹೆಂಡತಿಗೆ ಕೊಟ್ಟೆ ಎಂದು ಊರಿಗೆಲ್ಲ ಸಾರಿದರು, ಹೆಸರು ಮಾತ್ರ ಬದಲಾಯಿಸಲಿಲ್ಲ. ನನ್ನ ಎಡಗಾಲಿಗೆ ಚಿಕ್ಕಂದಿನಿಂದ ಬಲವಿಲ್ಲ, ಕ್ಲಚ್ ತುಳಿಯಲಾಗದು. ಗೇರ್ ತಾನೇ ಬದಲಾಗುವ ಈ ಮುದಿ ಗಾಡಿ ಇದ್ದರೆ ನಾನು ಲೈಬ್ರರಿ ಕೆಲಸಕ್ಕೆ ಹೋಗುತ್ತೇನೆ. ಇಲ್ಲದಿದ್ದರೆ ಯಾರು ಬಿಡುತ್ತಾರೆ, ಯಾರು ಕರೆತರುತ್ತಾರೆ ಎಂದು ಮನೆಯವರ ಮುಖ ನೋಡುತ್ತ ಕೂರಬೇಕು.

ಮೇಲ್ಸೇತುವೆಯ ಏರಿನಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿ ಗಾಡಿ ಏದುಸಿರು ಬಿಡತೊಡಗಿದಾಗ, ಗ್ಯಾರೇಜಿಗೆ ಕೊಡೋಣ ಅಂದಿದ್ದೆ. ಭಾವನಿಗೆ ಅವಮಾನವಾಯಿತು.

"ನಾನಿರುವಾಗ ಹೊರಗಿನವರ ಕೈಗೆ ಯಾಕೆ? ಒಂದು ಕೂಲರ್ ತರಿಸ್ತೀನಿ. ರೇಡಿಯೇಟರ್ ಮುಂದೆ ಕೂರಿಸಿದ್ರೆ ಎಣ್ಣೆ ಅದರೊಳಗೆ ಸುತ್ತಿ ತಣ್ಣಗಾಗಿ ವಾಪಸ್ ಬರುತ್ತೆ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಗುಜರಿಗೆ ತಳ್ಳೋದೇ."

ಭಾವನದು ಬಚ್ಚಲುಮನೆ ಸಾಮಾನಿನ ಅಂಗಡಿ. ಲೋಕದಲ್ಲಿ ಹರಿಯುವುದೆಲ್ಲ ಅವರ ಮಟ್ಟಿಗೆ ನಲ್ಲಿನೀರು. ಕೂಲರ್ ಜೊತೆ ಬಂದಿದ್ದ, ಕೊಳವೆ ಬಿಗಿಯುವ ಕ್ಲಿಪ್ಪುಗಳನ್ನು "ಮಕ್ಕಳಾಟಿಕೆ" ಎಂದು ಪಕ್ಕಕ್ಕೆಸೆದು ತಮ್ಮ ಅಂಗಡಿಯ ಹೊಳೆಯುವ ಕ್ಲಿಪ್ಪು ಹಾಕಿದ್ದರು. ಹೊಳೆಯುತ್ತಿದ್ದವು, ನಿಜ.

ಬೆಳಿಗ್ಗೆ ರಟ್ಟನ್ನೇ ತಂದು ತೋರಿಸಿದೆ. "ಭಾವ, ಸೋರ್ತಿದೆ."

"ಸೋರ್ತಿಲ್ಲಮ್ಮ, ಬೆವರ್ತಿದೆ. ಹೊಸ ಜಾಯಿಂಟು ನಾಲ್ಕು ದಿನ ಬೆವರುತ್ತೆ, ಆಮೇಲೆ ತಾನೇ ಕಚ್ಕೊಳ್ಳುತ್ತೆ." ಬಾನೆಟ್ ಎತ್ತಿ, ಇಂಜಿನ್ ಶುರು ಮಾಡದೆಯೇ ಎಣ್ಣೆ ಅಳೆಯುವ ಕಡ್ಡಿ ಎಳೆದರು. "ಕಡಿಮೆ ಎಲ್ಲಿದೆ? ಗೆರೆ ದಾಟಿದೆ! ಹೆಚ್ಚಾಗಿರೋದಕ್ಕೇ ಉಕ್ತಿದೆ."

"ಇಂಜಿನ್ ಓಡ್ತಿರುವಾಗ ನೋಡ್ಬೇಕು, ಭಾವ. ನಿಂತಾಗ ಎಣ್ಣೆಯೆಲ್ಲ ಕೆಳಗಿಳಿದು ಹೆಚ್ಚಾಗಿ ಕಾಣುತ್ತೆ. ಕಡ್ಡಿ ಮೇಲೇ ಬರೆದಿದೆ."

"ಮೋಟಾರ್ ಓಡ್ತಿರುವಾಗ ಟ್ಯಾಂಕಿನ ನೀರು ಅಳೆಯೋರನ್ನ ಎಲ್ಲಾದ್ರೂ ಕಂಡಿದ್ದೀಯಾ?" ಆ ಅಕ್ಷರಗಳ ಮೇಲೇ ಬಟ್ಟೆಯಿಂದ ಕಡ್ಡಿಯನ್ನು ಒರೆಸಿದರು. ಓದಲಿಲ್ಲ. ಆಮೇಲೆ ಸಣ್ಣ ನಳಿಗೆ ಇಳಿಬಿಟ್ಟು ಒಂದು ಬಾಟಲಿ ತುಂಬ ಒಳ್ಳೆಯ ಎಣ್ಣೆಯನ್ನು ಹೀರಿ ಹೊರತೆಗೆದರು. ರೋಗಿಗೆ ರಕ್ತ ಸಾಲದೆಂದರೆ ಇದ್ದದ್ದನ್ನೂ ಬಸಿಯುವ ವೈದ್ಯ!

ನನ್ನ ಗಂಡನ ಕಡೆ ನೋಡಿದೆ. "ಅಣ್ಣ ಹೇಳ್ತಿದ್ದಾನಲ್ಲ," ಎಂದರು ಪೇಪರಿನ ಹಿಂದಿನಿಂದ. ಇವರ ಅಭಿಪ್ರಾಯಗಳೆಲ್ಲ ಅಲ್ಲಿಂದಲೇ ಬರುತ್ತವೆ.

ನಾನು ಅಂಥದ್ದೇ ಎಣ್ಣೆಯ ಡಬ್ಬಿ, ಉದ್ದ ಕೊಳವೆಯ ಆಲಿಕೆ, ಸ್ಕ್ರೂ ಡ್ರೈವರ್ ತಂದು ಡಿಕ್ಕಿಯಲ್ಲಿಟ್ಟೆ. ಭಯಸ್ಥರ ಡಿಕ್ಕಿ ಯಾವಾಗಲೂ ತುಂಬಿರುತ್ತದೆ.

ಭಾನುವಾರ ಕೂಲರಿನ ಮಹಿಮೆ ತೋರಿಸಲು ಭಾವ ತಾವೇ ಗಾಡಿ ತೆಗೆದರು. ಹಿಂದಿನ ಸೀಟಿನಲ್ಲಿ ಅತ್ತೆ, ಪಕ್ಕದಲ್ಲಿ ನಾನು. ಮೇಲ್ಸೇತುವೆಯ ನಡುಮಧ್ಯೆ ಇಂಜಿನ್ ಕಿರುಚಿಕೊಂಡಿತು, ಗಾಡಿ ಮಾತ್ರ ಕದಲಲಿಲ್ಲ.

"ಕೂಗ್ತಿದೆಯಲ್ಲೋ, ಹೋಗ್ತಾ ಇಲ್ಲ," ಎಂದರು ಅತ್ತೆ.

"ಭಾರ ಜಾಸ್ತಿ ಆಯ್ತಮ್ಮ."

"ನಾನೇನೋ ಭಾರ? ಹೋದ ತಿಂಗಳು ನಿನ್ನ ಹೆಂಡ್ತಿ ಕೂತಾಗ ಹತ್ತಲಿಲ್ವಾ?"

ಹಿಂದಿನ ಲಾರಿಯವನು ತಲೆ ಹೊರಹಾಕಿದ. "ಯಜಮಾನ್ರೇ, ಎತ್ತಿ ಹೆಗಲ ಮೇಲಿಟ್ಕೊಂಡು ನಡೀರಿ, ಬೇಗ ಮುಟ್ತೀರಿ!"

ಭಾವನ ಕಿವಿ ಕೆಂಪಾಯಿತು. ಲಾರಿ ದಾಟಿಹೋದ ಮೇಲೆ ಗಾಡಿಯನ್ನು ಹಿಂದಕ್ಕೆ ಜಾರಿಸಿ ಅಂಚಿಗೆ ನಿಲ್ಲಿಸಿ ಇಳಿದರು. "ಮುಗೀತು ಇದರ ಕಥೆ. ಎಳೆಯೋ ಗಾಡಿ ಕರ್ಕೊಂಡು ಬರ್ತೀನಿ. ಇಲ್ಲಿಂದ ನೇರ ಗುಜರಿಗೆ." ಕೀಲಿಯನ್ನು ಗಾಡಿಯಲ್ಲೇ ಬಿಟ್ಟು ದಡದಡ ನಡೆದರು.

ಅವರ ತಲೆ ಇಳಿಜಾರಿನಲ್ಲಿ ಮರೆಯಾಗುವವರೆಗೆ ಕಾದೆ. ಹ್ಯಾಂಡ್‌ಬ್ರೇಕನ್ನು ಇನ್ನಷ್ಟು ಬಿಗಿಯಾಗಿ ಎಳೆದು, ಇಂಜಿನ್ ಶುರು ಮಾಡಿ ಓಡಲು ಬಿಟ್ಟು, ಬಾನೆಟ್ ಎತ್ತಿದೆ. ಕಡ್ಡಿಯ ತುದಿಯಲ್ಲಿ ಎಣ್ಣೆಯ ಗುರುತೂ ಇರಲಿಲ್ಲ. ಮೊದಲು ಸೋರುತ್ತಿದ್ದ ಕಡೆಯ ಆ ಹೊಳೆಯುವ ಕ್ಲಿಪ್ಪನ್ನು ತಿರುಗಿಸಿ ಬಿಗಿಮಾಡಿದೆ. ಆಲಿಕೆ ಎರಡು ಸಲ ಜಾರಿತು. ಸ್ವಲ್ಪ ಸುರಿದು ನೋಡಿದೆ, ಮತ್ತೆ ಸ್ವಲ್ಪ. ಡಬ್ಬಿ ಬಹುಪಾಲು ಖಾಲಿಯಾದ ಮೇಲೆ ಎಣ್ಣೆ ಕಡ್ಡಿಯ ಗೆರೆಗೆ ಬಂತು.

ಅತ್ತೆ ಕಿಟಕಿಯಿಂದ ಕತ್ತು ಚಾಚಿ ಎಲ್ಲವನ್ನೂ ನೋಡಿದರು. ನಾನು ಸ್ಟೀರಿಂಗ್ ಹಿಡಿದು ಗೇರ್ ಹಾಕಿದೆ. ಗಾಡಿ ಏನೂ ಆಗಿರಲಿಲ್ಲವೆಂಬಂತೆ ಏರು ಹತ್ತಿತು. ಮೇಲೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡೆ.

ಎಳೆಯುವ ಗಾಡಿಯವನ ಪಕ್ಕದಲ್ಲಿ ಕೂತು ಭಾವ ಬಂದಿಳಿದಾಗ ಸತ್ಯ ನಾಲಗೆಯ ತುದಿಯಲ್ಲೇ ಇತ್ತು. ಹೇಳಿದರೆ ಏನಾಗುತ್ತದೆಂದೂ ಗೊತ್ತಿತ್ತು. ಹೊರಗಿನವನೆದುರು ತಪ್ಪು ತಮ್ಮದೆಂದಾದರೆ ಆ ಗಾಡಿಯನ್ನು ಅವರು ಸಂಜೆಯೊಳಗೆ ಪುಡಿ ಮಾಡಿಸುತ್ತಾರೆ.

"ತಣ್ಣಗಾಯ್ತು ಭಾವ," ಎಂದೆ. "ತಾನೇ ಹತ್ತಿತು."

ಭಾವನ ಎದೆ ಅರಳಿತು. "ನೋಡಿದ್ರಾ? ಕೂಲರ್ ಮಹಿಮೆ! ನಾನೇ ಕೂರಿಸಿದ್ದು," ಎಂದರು ಎಳೆಯುವ ಗಾಡಿಯವನಿಗೆ. ಅವನು ನನ್ನ ಉಗುರುಗಳ ಕೆಂಪನ್ನು ನೋಡಿದ. ನಾನು ಕೈಯನ್ನು ಬೆನ್ನ ಹಿಂದೆ ತೆಗೆದುಕೊಂಡೆ.

"ಏನು ಕೈಗುಣವೋ ನಿಂದು," ಎಂದು ಅತ್ತೆ ಹಿಂದಿನ ಸೀಟಿನಿಂದ ನಿಟ್ಟುಸಿರು ಬಿಟ್ಟರು. ಭಾವ ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡರು.

ರಾತ್ರಿ ಊಟಕ್ಕೆ ಕೂತಾಗ ಗುಜರಿಯ ಸುದ್ದಿಯೇ ಇಲ್ಲ. ಪಕ್ಕದ ಮನೆಯ ಅಕೌಂಟೆಂಟರ ಗಾಡಿಗೂ ಮುಂದಿನ ವಾರ ಒಂದು ಕೂಲರ್ ಕೂರಿಸಿಕೊಡುವುದಾಗಿ ಭಾವ ಮಾತು ಕೊಟ್ಟು ಬಂದಿದ್ದರು. "ಅಣ್ಣನ ತಲೆಯೇ ತಲೆ," ಎಂದರು ನನ್ನ ಗಂಡ. ಅತ್ತೆ ನನ್ನನ್ನು ನೋಡದೆ ನನ್ನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದರು.

ಅಕೌಂಟೆಂಟರು ಒಳ್ಳೆಯವರು, ಗಾಡಿಯನ್ನು ಮಗುವಿನಂತೆ ಒರೆಸುತ್ತಾರೆ. ಅವರಿಗಾದರೂ ಹೇಳಿಬಿಡಲೇ ಎಂದು ತುತ್ತು ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿದೆ. ಅವರಿಗೆ ಹೇಳಿದರೆ ಅವರ ಹೆಂಡತಿಗೆ, ಅಲ್ಲಿಂದ ನಮ್ಮ ಗೇಟಿಗೆ. ನಾಳೆ ಬೆಳಿಗ್ಗೆ ನಾನು ಕೆಲಸಕ್ಕೆ ಹೋಗಬೇಕು. ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿ ತುತ್ತು ಬಾಯಿಗಿಟ್ಟುಕೊಂಡೆ.