ಗಾಡಿ ರಿಪೇರಿಯಾಯಿತು, ಮೊಣಕೈ ಆಗಲಿಲ್ಲ

ಗಾಡಿಯಿಂದ ಬಿದ್ದವರು ಎದ್ದ ಕೂಡಲೇ ಏನು ಮಾಡುತ್ತಾರೆ ಹೇಳಿ? ಯಾರಾದರೂ ನೋಡಿಬಿಟ್ಟರಾ ಅಂತ ಸುತ್ತ ಕಣ್ಣಾಡಿಸುತ್ತಾರೆ. ಆಮೇಲೆ ಗಾಡಿ ನೋಡುತ್ತಾರೆ. ಮೈ ನೋಡಿಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ. ನಾವೆಲ್ಲ ಹಾಗೇ ಬಿಡಿ. ಆದರೆ ಈ ತಪ್ಪನ್ನು ನಮ್ಮ ಗ್ಯಾರೇಜಿನ ಮೇಸ್ತ್ರಿಯಷ್ಟು ಅಚ್ಚುಕಟ್ಟಾಗಿ ಮಾಡಿದವರು ಇನ್ನೊಬ್ಬರಿಲ್ಲ.

ಮೇಸ್ತ್ರಿ ಅಂದರೆ ಕೈಯಲ್ಲಿ ಸ್ಪ್ಯಾನರ್, ಬಾಯಲ್ಲಿ ಗೇಲಿ. ಬಿದ್ದ ಗಾಡಿಯನ್ನು ತಳ್ಳಿಕೊಂಡು ಯಾರೇ ಬರಲಿ, "ಏನ್ ಸ್ವಾಮಿ, ರಸ್ತೆ ಅಳೆಯೋಕೆ ಹೋಗಿದ್ರಾ? ಎಷ್ಟು ಅಡಿ ಬಂತು?" ಅಂತ ಕೇಳದೆ ಗಾಡಿ ಮುಟ್ಟುತ್ತಿರಲಿಲ್ಲ. ಬೀದಿಮೂಲೆಯ ಇಸ್ತ್ರಿ ಅಂಗಡಿಯವನು ಒಮ್ಮೆ ಕೆಸರಲ್ಲಿ ಜಾರಿಬಿದ್ದಾಗ ಅವನಿಗೆ 'ಸರ್ಕಸ್' ಎಂದು ಹೆಸರಿಟ್ಟು, ಬೀದಿಯವರೆಲ್ಲ ಹಾಗೇ ಕರೆಯುವಂತೆ ಮಾಡಿದ್ದ. ತಾನು ಮಾತ್ರ ಒಂದು ಸಲವೂ ಬಿದ್ದಿಲ್ಲ ಅನ್ನುವುದು ಅವನ ದೊಡ್ಡ ಹೆಮ್ಮೆ.

ಒಂದು ಮಧ್ಯಾಹ್ನ ಆರೋಗ್ಯ ಕೇಂದ್ರದ ನರ್ಸಮ್ಮನ ಬೈಕಿಗೆ ಹೊಸ ಚೈನು ಹಾಕಿ, ಟ್ರಯಲ್ ನೋಡಲು ಹೊರಟ. ತಲೆಗೆ ಹೆಲ್ಮೆಟ್ ಇತ್ತು, ಅದೊಂದು ಪುಣ್ಯ. ಮೈಮೇಲೆ ತೋಳಿಲ್ಲದ ಬನಿಯನ್ನು, ಕಾಲಲ್ಲಿ ಹವಾಯಿ ಚಪ್ಪಲಿ. ಒಂದು ರೌಂಡಿಗೆ ಅಂಗಿ ಯಾಕೆ ಅಂದುಕೊಂಡಿದ್ದ. ಇಸ್ತ್ರಿ ಅಂಗಡಿಯ ಮೂಲೆಗೆ ಬಂದಾಗ, ಮನೆಮನೆಗೆ ನೀರಿನ ಕ್ಯಾನು ಹಾಕುವ ವ್ಯಾನು ಇಂಡಿಕೇಟರ್ ಹಾಕದೆ ಗಕ್ಕನೆ ಪಕ್ಕದ ಓಣಿಗೆ ತಿರುಗಿತು. ಅದರ ಮೈ ಬೈಕಿನ ಹ್ಯಾಂಡಲ್‌ಗೆ ಬಡಿಯಿತು. ಬೈಕು ಒಂದು ಕಡೆ, ಮೇಸ್ತ್ರಿ ಒಂದು ಕಡೆ. ಬಲಗೈ ಮೈಕೆಳಗೆ ಸಿಕ್ಕಿಕೊಂಡು, ಡಾಂಬರಿನ ಮೇಲೆ ಅಷ್ಟು ದೂರ ಉಜ್ಜಿಕೊಂಡು ಹೋದ.

ವ್ಯಾನಿನ ಡ್ರೈವರ್ ಇಳಿದು ಓಡಿಬಂದ. "ಅಣ್ಣಾ, ತಪ್ಪಾಯ್ತು, ನೋಡ್ಲಿಲ್ಲ. ಬನ್ನಿ, ಆಸ್ಪತ್ರೆಗೆ ಹೋಗೋಣ."

ಮೇಸ್ತ್ರಿಗೆ ಕೈ ಉರಿಯುವುದಕ್ಕಿಂತ ಹೆಚ್ಚಾಗಿ ಮುಖ ಉರಿಯುತ್ತಿತ್ತು. "ಏನೂ ಆಗಿಲ್ಲ ಹೋಗಪ್ಪಾ. ಜನ ಸೇರೋಕೆ ಮುಂಚೆ ಹೊರಡು" ಎಂದು ತಾನೇ ಅವನನ್ನು ಸಾಗಹಾಕಿದ. ಕೆಲಸ ಬಿಟ್ಟು ಓಡಿಬಂದ ಇಸ್ತ್ರಿಯವನಿಗೆ, "ನೀನು ಏನೂ ನೋಡಿಲ್ಲ, ತಿಳೀತಾ?" ಅಂದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ ಅವನದು.

ಗ್ಯಾರೇಜಿಗೆ ಬಂದು ಷಟರ್ ಅರ್ಧ ಎಳೆದುಕೊಂಡ. ಮೊಣಕೈಯ ಗಾಯದೊಳಗೆ ಮಣ್ಣು, ಜಲ್ಲಿಪುಡಿ, ಡಾಂಬರು ಎಲ್ಲ ಸೇರಿತ್ತು. ದಿನವೂ ಕೈಯ ಜಿಡ್ಡು ತೆಗೆಯುವ ಪೆಟ್ರೋಲಿನಲ್ಲೇ ಅದನ್ನೂ ತೊಳೆದ. ಪ್ರಾಣ ಹೋದಂತಾಯಿತು. ಮೇಲೆ ಒಂದಿಷ್ಟು ಗ್ರೀಸು ಸವರಿ, ಕೈ ಒರೆಸುವ ಹಳೇ ಬಟ್ಟೆ ಸುತ್ತಿ, ತುಂಬುತೋಳಿನ ಅಂಗಿ ತೊಟ್ಟ. ಆಮೇಲೆ ಗಾಡಿಯ ಆರೈಕೆಗೆ ಕೂತ. ಬಗ್ಗಿದ್ದ ಫುಟ್‌ರೆಸ್ಟ್ ನೆಟ್ಟಗಾಯಿತು. ಒಡೆದ ಕನ್ನಡಿ ಹೋಗಿ ಹೊಸದು ಬಂತು. ವ್ಯಾನಿನ ನೀಲಿ ಬಣ್ಣ ಹ್ಯಾಂಡಲ್‌ಗೂ ಟ್ಯಾಂಕಿಗೂ ಮೆತ್ತಿಕೊಂಡಿತ್ತು. ಅದನ್ನೂ ಉಜ್ಜಿ ತೆಗೆದು ಪಾಲಿಶ್ ಹೊಡೆದ. ಸಂಜೆ ನರ್ಸಮ್ಮ ಬಂದಾಗ ಗಾಡಿ ಮದುಮಗನ ಹಾಗೆ ನಿಂತಿತ್ತು.

ಮನೆಯಲ್ಲಿ ಹೆಂಡತಿಗೆ, "ಸೈಲೆನ್ಸರ್ ತಾಗಿ ಸುಟ್ಕೊಂಡೆ ಕಣೇ, ಎರಡು ದಿನಕ್ಕೆ ಹೋಗುತ್ತೆ" ಅಂದ.

ಹೋಗಲಿಲ್ಲ. ಕೈ ಊದಿತು, ಜ್ವರ ಬಂತು. ಬಟ್ಟೆ ಗಾಯಕ್ಕೆ ಅಂಟಿಕೊಂಡಿತು. ಮೊಣಕೈ ಮಡಚಲಾಗದೆ ಎಡಗೈಯಲ್ಲಿ ಚಮಚ ಹಿಡಿದು ಉಣ್ಣತೊಡಗಿದ. ಆಮೇಲೆ ವಾಸನೆ ಶುರುವಾಯಿತು. ಹೆಂಡತಿ ಮೂಗು ಮುಚ್ಚಿಕೊಳ್ಳಲಿಲ್ಲ. ಎದ್ದು ಹೋಗಿ ಕಿಟಕಿ ತೆರೆದಳು, ಅಷ್ಟೇ. ಮೇಸ್ತ್ರಿಗೆ ನಾಚಿಕೆಯಿಂದ ಸತ್ತುಹೋಗಬಾರದೇ ಅನ್ನಿಸಿತು.

ಗ್ಯಾರೇಜು ಮುಚ್ಚಿರುವುದು ಕಂಡು ನರ್ಸಮ್ಮ ಮನೆಗೇ ಬಂದಳು. "ಮೇಸ್ತ್ರೀ, ನಾನು ಹಾಕಿಸೋಕೆ ಹೇಳಿದ್ದು ಚೈನು. ಕನ್ನಡಿ ಹೊಸದು ಬಂದಿದೆ. ಹಳೇದು ಚೆನ್ನಾಗೇ ಇತ್ತಲ್ಲ, ಏನಾಯ್ತು?"

ಮೇಸ್ತ್ರಿ ಹೊದಿಕೆ ಎಳೆದುಕೊಂಡ. ಹೆಂಡತಿ ನಡುವೆ ಬಾಯಿ ಹಾಕಿದಳು. "ಕನ್ನಡಿ ಹಾಗಿರ್ಲಿ ನರ್ಸಮ್ಮ, ಇವರ ಕೈ ಒಂಚೂರು ನೋಡಿ. ಸೈಲೆನ್ಸರ್ ಸುಟ್ಟಿದೆಯಂತೆ."

ನರ್ಸಮ್ಮ ಕಾಯಿಸಿ ಆರಿಸಿದ ನೀರು ತರಿಸಿ, ಬಟ್ಟೆ ನೆನೆಸಿ ಮೆಲ್ಲಗೆ ಬಿಡಿಸಿದಳು. "ಸೈಲೆನ್ಸರ್ ಸುಟ್ಟರೆ ಒಳಗೆ ಜಲ್ಲಿಕಲ್ಲು ಎಲ್ಲಿಂದ ಬರುತ್ತೆ ಮೇಸ್ತ್ರಿ?"

ಇಬ್ಬರೂ ಅವನನ್ನೇ ನೋಡುತ್ತಿದ್ದರು. ಅವನು ಗೋಡೆ ಕಡೆ ಮುಖ ತಿರುಗಿಸಿ, "ಬಿದ್ದೆ. ನಿಮ್ಮ ಗಾಡೀನೂ ಬೀಳಿಸಿದೆ. ಹೇಳೋಕೆ ಮುಖ ಇರ್ಲಿಲ್ಲ" ಅಂದ. ವ್ಯಾನಿನ ವಿಷಯ, ಪೆಟ್ರೋಲಿನ ವಿಷಯ, ಎಲ್ಲ ಬಂತು.

"ಗಾಡಿ ಹಾಳಾಗಿ ಹೋಗ್ಲಿ! ಈಗಲೇ ಆಸ್ಪತ್ರೆಗೆ ಹೊರಡಿ" ಎಂದಳು ನರ್ಸಮ್ಮ.

"ತರಚಿದ ಗಾಯಕ್ಕೆ ಆಸ್ಪತ್ರೆನಾ? ಮಕ್ಕಳು ದಿನಾ ಮಂಡಿ ತರಚಿಕೊಳ್ತಾವೆ."

"ಮಕ್ಕಳು ಆಡ್ತಾ ಬೀಳೋದು ಬೇರೆ, ಓಡೋ ಗಾಡಿಯಿಂದ ಬಿದ್ದು ರಸ್ತೆಗೆ ಉಜ್ಜೋದು ಬೇರೆ. ಇದು ಸುಟ್ಟ ಗಾಯದ ತಂಗಿ. ಮೇಲ್ಪದರ ಮಾತ್ರ ಹೋದ್ರೆ ಮಾಯುತ್ತೆ. ನಿಮಗೆ ಚರ್ಮವೇ ಹೋಗಿದೆ. ಬೇರೆ ಕಡೆ ಚರ್ಮ ತೆಗೆದು ಹಾಕಬೇಕಾಗಬಹುದು. ಕೀವಿನ ವಿಷ ರಕ್ತಕ್ಕೆ ಹೋದ್ರೆ ಕೈಯಲ್ಲ, ಜೀವಾನೇ ಹೋಗುತ್ತೆ."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಆವತ್ತು ಏನು ಮಾಡಬೇಕಿತ್ತಮ್ಮಾ?" ಅಂದಳು.

"ಹರಿಯೋ ಶುದ್ಧ ನೀರಲ್ಲಿ ಚೆನ್ನಾಗಿ ತೊಳೆದು, ಒಗೆದ ಬಟ್ಟೆ ಮುಚ್ಚಿ ಸೀದಾ ಆಸ್ಪತ್ರೆಗೆ. ಒಳಗಿನ ಕಲ್ಲು ಅವರು ತೆಗೀತಿದ್ರು, ಧನುರ್ವಾಯು ಇಂಜೆಕ್ಷನ್ ಕೊಡ್ತಿದ್ರು. ಪೆಟ್ರೋಲು, ಗ್ರೀಸು ಗಾಡಿಗೆ ಹಾಕೋದು ಕಣಮ್ಮಾ, ಗಂಡನಿಗಲ್ಲ."

ಆಸ್ಪತ್ರೆಯಲ್ಲಿ ಸಾಲು ಉದ್ದ ಇತ್ತು. ಅದರಲ್ಲಿ ಮೇಸ್ತ್ರಿಯಿಂದ ಗೇಲಿ ತಿಂದ ಗಿರಾಕಿಗಳೂ ಇದ್ದರು. ಡಾಕ್ಟರು ಎಲ್ಲರಿಗೂ ಕೇಳಿಸುವ ಹಾಗೆ, "ಇದು ಹೇಗಾಯ್ತು?" ಅಂದರು. ನಾಲಿಗೆ ತುದಿಗೆ ಸೈಲೆನ್ಸರ್ ಬಂದೇ ಬಿಟ್ಟಿತ್ತು. ಹೆಂಡತಿ ಅವನ ಎಡಗೈ ಹಿಡಿದಳು. ಮೇಸ್ತ್ರಿ ತಲೆ ತಗ್ಗಿಸಿ, "ಬೈಕಿಂದ ಬಿದ್ದೆ ಸಾರ್, ವ್ಯಾನು ಹೊಡೀತು" ಅಂದ. ಯಾರೂ ನಗಲಿಲ್ಲ. ಒಬ್ಬ ಎದ್ದು ಕೂರಲು ಜಾಗ ಬಿಟ್ಟ. ಅದು ಅವನಿಗೆ ನಗುವಿಗಿಂತ ಹೆಚ್ಚು ಚುಚ್ಚಿತು.

ತೊಡೆಯ ಚರ್ಮ ತೆಗೆದು ಮೊಣಕೈಗೆ ಹಾಕಿದರು. ಕೈ ಉಳಿಯಿತು. ಆದರೆ ತಿಂಗಳುಗಟ್ಟಲೆ ಸ್ಪ್ಯಾನರ್ ಹಿಡಿಯುವಂತಿಲ್ಲ ಅಂದರು.

"ಮನೆ ಹೇಗೆ ನಡೆಯೋದು?" ಹೆಂಡತಿ ಕೇಳಿದಳು.

"ಪೊಲೀಸಿಗೆ ದೂರು ಕೊಡಿ, ಪರಿಹಾರ ಕೇಳಿ" ಎಂದಳು ನೋಡಲು ಬಂದಿದ್ದ ನರ್ಸಮ್ಮ.

"ಬಿದ್ದವನು ನಾನು. ಅದಕ್ಕೆ ದುಡ್ಡು ಕೇಳೋದು ಅಂದ್ರೆ ಭಿಕ್ಷೆ ಬೇಡಿದ ಹಾಗೆ" ಎಂದ ಮೇಸ್ತ್ರಿ.

"ಭಿಕ್ಷೆ ಅಲ್ಲ, ಹಕ್ಕು. ವ್ಯಾನಿಗೆ ವಿಮೆ ಮಾಡಿಸೋದು ಮತ್ತೇನಕ್ಕೆ? ಈಗ ಹೇಳಿ, ಗಾಡಿಗೆ ಏಟು ಬಿದ್ದ ಗುರುತು ಏನಿದೆ? ಫೋಟೋ ತೆಗೆದಿದ್ರಾ?"

ಗುರುತನ್ನೆಲ್ಲ ಪಾಲಿಶ್ ಹಾಕಿ ಅಳಿಸಿದವನು ಮೇಸ್ತ್ರಿಯೇ. ಮಾಡಿದ್ದುಣ್ಣೋ ಮಹರಾಯ! ಇನ್ನು ಉಳಿದಿದ್ದು ಒಬ್ಬ ಸಾಕ್ಷಿ. ಅವನ ಬಾಯಿಯನ್ನೂ ತಾನೇ ಮುಚ್ಚಿಸಿದ್ದ.

ಬ್ಯಾಂಡೇಜಿನ ಕೈ ಕುತ್ತಿಗೆಗೆ ತೂಗುಹಾಕಿಕೊಂಡು ಇಸ್ತ್ರಿ ಅಂಗಡಿಗೆ ಹೋದ. ಏನೆಂದು ಕರೆಯುವುದು? ಬಾಯಿಗೆ ಬರುವುದು ಆ ಅಡ್ಡಹೆಸರೊಂದೇ. ಕೊನೆಗೆ "ಅಣ್ಣಾ" ಅಂದ. "ನೋಡಿಲ್ಲ ಅನ್ನು ಅಂತ ಹೇಳಿದ್ದೆ. ಈಗ ನೋಡಿದ್ದನ್ನ ಹೇಳ್ತೀಯಾ?"

"ಹೇಳ್ತೀನಿ ಬನ್ನಿ ಮೇಸ್ತ್ರಿ. ಆ ವ್ಯಾನು ದಿನಾ ಇಲ್ಲೇ ಬರುತ್ತೆ, ನಂಬರ್ ಗೊತ್ತು. ಸ್ಟೇಷನ್ನಿಗೂ ಬರ್ತೀನಿ, ಕೋರ್ಟಿಗೂ ಬರ್ತೀನಿ." ಇಸ್ತ್ರಿಯವನು ಮೇಜಿನ ಮೇಲಿದ್ದ ಗಿರಾಕಿಯ ಅಂಗಿಯ ಕಾಲರು ತಿರುವಿ ಹಾಕಿದ. ಆಮೇಲೆ ತಲೆ ಎತ್ತದೆಯೇ, "ನಾನು ಬಿದ್ದಾಗ ಪಕ್ಕೆಲುಬು ಮುರಿದಿತ್ತು. ನೀವೆಲ್ಲ ನಗ್ತಾ ಇದ್ರಿ. ನಾನೂ ನಗ್ತಾ ಎದ್ದು ಬಂದೆ. ಯಾರಿಗೂ ಹೇಳ್ಲಿಲ್ಲ. ಇವತ್ತಿಗೂ ತುಂಬಿದ ಬಕೆಟ್ ಎತ್ತೋಕಾಗಲ್ಲ" ಅಂದ.

ಮೇಸ್ತ್ರಿ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತ. ತನ್ನ ಗಾಯ ನೋಡಿದಾಗ ಬಾರದ ಅಳು ಆಗ ಬಂತು.

ಉಚಿತ ಕಾನೂನು ನೆರವಿನ ವಕೀಲರು ಕೇಸು ಹಿಡಿದರು. ದೂರು ಯಾಕೆ ತಡವಾಯಿತು, ಗಾಡಿಯ ಮೇಲೆ ಗೀರೇ ಇಲ್ಲವಲ್ಲ ಎಂದು ವಿಮೆಯವರು ಎಳೆದಾಡಿದರು. ಇಸ್ತ್ರಿಯವನ ಮಾತು, ಆಸ್ಪತ್ರೆಯ ಕಾಗದ, ವ್ಯಾನಿನ ಡ್ರೈವರ್ ಒಪ್ಪಿಕೊಂಡ ಸತ್ಯ ಇವುಗಳಿಂದ ಕೊನೆಗೆ ಪರಿಹಾರ ಬಂತು, ಬರಬೇಕಾದಷ್ಟು ಬರಲಿಲ್ಲ. ಮೇಸ್ತ್ರಿಯ ಮೊಣಕೈ ಇಂದಿಗೂ ಪೂರ್ತಿ ಚಾಚುವುದಿಲ್ಲ. ಈಗ ಯಾರಾದರೂ ಬಿದ್ದ ಗಾಡಿ ತಂದರೆ, ಗ್ಯಾರೇಜಿನಲ್ಲೇ ಕೂತಿರುವ ಹೆಂಡತಿ ಎದ್ದು ಬರುತ್ತಾಳೆ. "ಮೊದಲು ತೋಳು ಮೇಲೆತ್ತಿ, ಗಾಯ ತೋರಿಸಿ. ಫೋಟೋ ತೆಗೆದು ದೂರು ಕೊಟ್ಟು ಬನ್ನಿ, ಅಲ್ಲೀವರೆಗೂ ಇವರು ಗಾಡಿ ಮುಟ್ಟಲ್ಲ" ಅನ್ನುತ್ತಾಳೆ.

ಕೇಳಿ ಅಣ್ಣಂದಿರೇ, ಅಕ್ಕಂದಿರೇ. ಒಂದೇ ರೌಂಡಾದರೂ ಹೆಲ್ಮೆಟ್ ಇರಲಿ, ಮೈತುಂಬ ಬಟ್ಟೆ ಇರಲಿ, ಕಾಲಿಗೆ ಶೂ ಇರಲಿ. ಬಿದ್ದರೆ ಗಾಯವನ್ನು ನೀರಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ, ಹೇಗಾಯಿತೋ ಹಾಗೇ ಹೇಳಿ. ಗುದ್ದಿದ ಗಾಡಿಯ ನಂಬರು, ನೋಡಿದವರ ಹೆಸರು ಬಿಡಬೇಡಿ. ಓದದೆ ಯಾವ ರಾಜಿ ಕಾಗದಕ್ಕೂ ಸಹಿ ಹಾಕಬೇಡಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಉಚಿತ ಕಾನೂನು ನೆರವು ಕೇಳಿ. ಇನ್ನೊಂದು ಮಾತು, ಇದನ್ನು ಮೇಸ್ತ್ರಿಯೇ ಹೇಳಿಸಿದ್ದು: ಬಿದ್ದವರನ್ನು ಕಂಡರೆ ದಯವಿಟ್ಟು ನಗಬೇಡಿ. ನಿಮ್ಮ ನಗುವಿಗೆ ಹೆದರಿ ಅವರು ಗಾಯ ಮುಚ್ಚಿಟ್ಟುಕೊಂಡು ಮನೆಗೆ ಹೋಗಿಬಿಡುತ್ತಾರೆ.